ಬಿಸಿಯಾಗಿದ್ದ ಸರ್ವರ್

ಬೆಳಗಿನ ಬಸ್ಸು. ನನ್ನ ಮುಂದಿನ ಸೀಟಿನಲ್ಲಿ ಆಸ್ಪತ್ರೆ ಗುಡಿಸುವ ಅಕ್ಕ, ಅದೇ ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುವ ತಮ್ಮ.

"ಅಲ್ಲಕ್ಕಾ, ನಿನ್ನೆ ಸರ್ವರ್ ಸ್ವಿಚ್ ಯಾಕೆ ಆರಿಸ್ದೆ?"

"ಮೈ ಸುಡ್ತಿತ್ತು ಕಣೋ ಅದಕ್ಕೆ. ಒಂದು ಗಳಿಗೆ ಸುಧಾರಿಸ್ಕೊಳ್ಳಲಿ ಅಂತ. ಆಮೇಲೆ ಹಾಕಿದ್ನಲ್ಲ?"

"ಡೇಟಾಬೇಸ್ ಏಳ್ತಿಲ್ಲವಂತೆ, ಫೋನ್ ಬಂತು. ಕೆಲಸಕ್ಕೆ ಕೂರುವಾಗ ಅದು 'ಒಳಗಿದ್ದೀನಿ' ಅಂತ ಚೀಟಿ ಬರೆದಿಡುತ್ತೆ, ಮುಗಿಸಿ ಹೋಗುವಾಗ ಹರಿದುಹಾಕುತ್ತೆ. ನೀನು ಹರಿಯೋಕೇ ಬಿಡ್ಲಿಲ್ಲ. ಈಗ ತನ್ನದೇ ಚೀಟಿ ನೋಡಿ, ಒಳಗೆ ಇನ್ಯಾರೋ ಇದ್ದಾರೆ ಅಂತ ಬಾಗಿಲಲ್ಲೇ ನಿಂತಿದೆ."

"ನಿಮ್ಮ ಭಾವನ ಥರಾನೇ. ಬಚ್ಚಲ ಬಾಗಿಲು ಮುಚ್ಚಿದ್ರೆ ಸಾಕು, ಖಾಲಿ ಇದ್ರೂ ಟವೆಲ್ ಹಿಡ್ಕೊಂಡು ಕಾಯ್ತಾರೆ. ಚೀಟಿ ನೀನೇ ಹರಿದುಹಾಕು."

"ಹಾಕ್ತೀನಿ, ಒಳಗೆ ಯಾರೂ ಇಲ್ಲ ಅಂತ ನೋಡ್ಕೊಂಡು."

"ರೋಗಿಗಳ ವಿವರ ಎಲ್ಲಾ ಹೋಯ್ತೇನೋ?" ಅಕ್ಕನ ದನಿ ಇಳಿಯಿತು.

"ಇಲ್ಲ ಬಿಡು. ಮಾಡಿದ್ದೆಲ್ಲಾ ಒಂದು ಕಡೆ ಬರೆದಿಟ್ಟಿರುತ್ತೆ, ಎದ್ದಮೇಲೆ ಓದಿ ಸರಿಮಾಡ್ಕೊಳ್ಳುತ್ತೆ. ದೊಡ್ಡ ಡಾಕ್ಟ್ರಿಗೆ ಕರೆಂಟ್ ಹೋಗಿತ್ತು ಅಂತೀನಿ."

"ಸುಳ್ಳು ಬೇಡ, ನಾನೇ ಹೇಳ್ತೀನಿ. ನೀನು ಮೊದಲು ಅದರ ಫ್ಯಾನ್ ನೋಡು."

"ಫ್ಯಾನ್ ಕೆಟ್ಟಿದೆ ಅಂತ ಅದು ಬಂದು ನಿನಗೆ ಹೇಳ್ತಾ?"

"ಚಿಕ್ಕವನಿದ್ದಾಗ ಜ್ವರ ಬಂದ್ರೆ ನೀನು ಹೇಳ್ತಿದ್ಯಾ? ನಾನೇ ಮುಟ್ಟಿ ನೋಡಿ ತಿಳ್ಕೋತಿದ್ದೆ."

ಸ್ಟಾಪ್ ಬಂತು. ಅವನು ಅವಳ ಚೀಲವನ್ನೂ ಹೆಗಲಿಗೆ ಹಾಕಿಕೊಂಡು ಇಳಿದ.