ಹತ್ತು ಹೆಜ್ಜೆ

ಹೋಗಲೇಬೇಡ ಅಂತ ನಾನೆಲ್ಲಿ ಅಂದೆ? ಆ ವ್ಯಾನಲ್ಲಿ ಬೇಡ ಅಂದೆ. ಎರಡೂ ಒಂದೇನಾ?

ಹಾಗೆ ನೋಡಬೇಡ ನನ್ನ. ನಲವತ್ತೇಳು ದಿನ ಈ ಲಾಡ್ಜಲ್ಲಿ ಕೊಳೆತವರಿಗೆ ಇನ್ನೊಂದು ವಾರ ಭಾರಾನಾ? ಮ್ಯಾನೇಜರ್ ಏನಂದ? ಮುಂದಿನ ವಾರ ಸರ್ಕಾರದ ಬಸ್ಸೇ ಬರುತ್ತಂತೆ, ಗಡಿ ದಾಟಿಸಿ ಊರ ಬಾಗಿಲಿಗೇ ಬಿಡುತ್ತಂತೆ. ಇಬ್ಬರೂ ಜೊತೆಗೆ ಹೋಗಬಹುದು. ಅದು ಬಿಟ್ಟು, ಯಾವನೋ ತರಕಾರಿ ವ್ಯಾನಿನವನು ನಾಳೆ ಬೆಳಿಗ್ಗೆಗೆ ಪರವಾನಗಿ ಸಿಕ್ಕಿದೆ, ಒಂದು ಸೀಟು ಖಾಲಿ ಇದೆ ಅಂದ ತಕ್ಷಣ ಎದ್ದು ನಿಂತೆ. ಒಂದು ಸೀಟು! ನಾವು ಎಷ್ಟು ಜನ? ನಾನೇನು ಅವನ ಈರುಳ್ಳಿ ಮೂಟೆ ಮೇಲೆ ಮಲಗಲಾ?

ನಗು ಬೇಡ... ನಗ್ತಾ ಇಲ್ವಾ? ಸರಿ. ನಕ್ಕ ಹಾಗೆ ಕಾಣಿಸ್ತು.

ಆ ಸೂಟ್‌ಕೇಸ್ ಯಾಕೆ ಇಳಿಸಿದೆ? ಧೂಳು ಒರೆಸೋಕಾ? ಒರೆಸು, ಒರೆಸು. ಈ ಕೋಣೇಲಿ ಅದೊಂದು ಕೆಲಸ ಬಾಕಿ ಇತ್ತು. ಉಳಿದಿದ್ದೆಲ್ಲ ಮಾಡಿ ಆಯ್ತು. ಕಿಟಕಿಯಿಂದ ಬಾಗಿಲಿಗೆ ಆರು ಹೆಜ್ಜೆ, ಬಾಗಿಲಿಂದ ಕಿಟಕಿಗೆ ಆರು ಹೆಜ್ಜೆ. ಗೋಡೆ ಮೇಲಿನ ಕಲೆ ಎಲ್ಲ ಬಾಯಿಪಾಠ. ಈ ಕಿಟಕಿ ಪರದೆ ನೋಡು... ಇಪ್ಪತ್ತೇಳು ವರ್ಷ ಪರದೆ, ಹಾಸಿಗೆ ಬಟ್ಟೆ ಮಾರಿದವನು ನಾನು. ಇಂಥ ಜಾಳು ಮಾಲನ್ನ ಅಂಗಡಿ ನೆಲ ಒರೆಸೋಕೂ ಇಡ್ತಿರಲಿಲ್ಲ. ಈಗ ದಿನಾ ಬೆಳಿಗ್ಗೆ ಅದರ ಮುಖವೇ ನೋಡಬೇಕು. ಮಗ್ಗುಲಲ್ಲಿ ನಿನ್ನ ಮುಖ, ಎದುರಿಗೆ ಅದರ ಮುಖ. ಎರಡೂ ಮಾತಾಡಲ್ಲ.

ತಮಾಷೆಗಂದೆ ಮಾರಾಯ್ತಿ.

ನಿನ್ನ ತಲೇಲಿ ಇನ್ನೂ ಆ ವಿಡಿಯೋ ಕಾಲಿನ ವಿಷಯಾನೇ ಕೂತಿದೆ. ಗೊತ್ತು ನಂಗೆ. ನಮ್ಮ ಮಗಳು ಇನ್ನೂ ಮಗು ಕಣೇ, ಒಂದೂವರೆ ವರ್ಷದ್ದು. ಅತ್ತಿಗೇನ ದೊಡ್ಡಮ್ಮ ಅಂತ ಕರಿ ಅಂತ ಹೇಳಿಕೊಟ್ಟವಳು ನೀನೇ. ಅಷ್ಟು ದೊಡ್ಡ ಮಾತು ಅದರ ಬಾಯಲ್ಲಿ ಹಿಡಿಸುತ್ತಾ? ‘ದೊಡ್ಡ’ ಉದುರಿ ಹೋಗಿದೆ, ‘ಅಮ್ಮ’ ಉಳಿದಿದೆ. ಅಷ್ಟೇ! ಅದಕ್ಕೆ ಇಷ್ಟು ರಂಪಾನಾ?... ರಂಪ ಮಾಡಿಲ್ಲ, ಸರಿ, ನೀನು ಬಾಯೇ ಬಿಟ್ಟಿಲ್ಲ. ಅದೇ ದೊಡ್ಡ ರಂಪ.

ಫೋನು ಹಿಡಿದ್ರೆ ಅತ್ತಿಗೆ ಹೆಗಲಲ್ಲಿ ಮುಖ ಹುದುಗಿಸ್ಕೊಂಡ್ಲು ಅಂತೀಯ. ಆಟ ಅದು. ಚೋಟಮ್ಮ ಆಟದವಳು. ಹುಟ್ಟಿದಾಗ ಚೋಟುದ್ದ ಇದ್ಲು, ನಾನೇ ಇಟ್ಟ ಹೆಸರು... ಕೊನೇಗೆ ‘ಯಾರು?’ ಅಂದ್ಲು. ಹೂಂ. ಅದು ನಂಗೂ ಕೇಳಿಸ್ತು. ನಿನ್ನ ಕಡೆ ಬೆರಳು ಮಾಡಿ ‘ಯಾರು?’ ಅಂದ್ಲು.

ಮರೆತ ಹಾಗೇ ನೆನಪೂ ಮಾಡ್ಕೊಳ್ತಾಳೆ ಬಿಡು. ಎರಡು ದಿನದ ಕೆಲಸ.

ಅವಳನ್ನ ಊರಲ್ಲಿ ಅತ್ತಿಗೆ ಹತ್ರ ಬಿಟ್ಟು ಬರೋಣ ಅಂದಿದ್ದು ನಾನೇ. ಒಪ್ಕೊಂಡೆ. ಮಗುಗೆ ಆಗ ತಾನೇ ನೆಗಡಿ ಬಿಟ್ಟಿತ್ತು. ಮೂರೇ ದಿನ, ನೀನೂ ಸ್ವಲ್ಪ ನಿದ್ದೆ ಮಾಡು, ಹತ್ತು ವರ್ಷದಿಂದ ದೋಣಿ ದೋಣಿ ಅಂತಿದ್ದೆ, ದೋಣೀಲಿ ಕೂರಿಸ್ತೀನಿ ಅಂದೆ. ಕೂರಿಸಿದ್ನೋ ಇಲ್ವೋ? ಎರಡನೇ ದಿನ ಮಧ್ಯಾಹ್ನ ಪರದೆ ಮಿಲ್ಲಿಗೆ ಹೋಗಿದ್ದು ನಿಜ. ಅದನ್ನೇನು ಮುಚ್ಚಿಟ್ಟಿರಲಿಲ್ಲ. ಬಂದ ದಾರೀಲಿ ಮಿಲ್ಲು ಸಿಕ್ತು, ನೋಡಿದೆ... ಆಯ್ತು, ಮಿಲ್ಲು ಇದ್ದ ಕಡೆಗೇ ದಾರಿ ಹುಡುಕಿದೆ. ವ್ಯಾಪಾರದವನು ಸುಮ್ಮನೆ ಪ್ರವಾಸ ಹೋಗ್ತಾನಾ? ಇದಕ್ಕೆ ನೀನೇ ಆವತ್ತು ಬಿದ್ದು ಬಿದ್ದು ನಕ್ಕಿದ್ದೆ. ಆವಾಗ ನಗ್ತಿದ್ದೆ ನೀನು.

ಮೂರನೇ ದಿನ ಆರು ಗಂಟೆಗೆ ಗಡಿ ಮುಚ್ಚುತ್ತೆ ಅಂತ ಯಾರಿಗೆ ಕನಸು ಬಿದ್ದಿತ್ತು? ಎರಡು ಗಂಟೆಗೆ ಸುದ್ದಿ ಬಂತು. ಬಟ್ಟೆ ತುಂಬು ಅಂತ ನಿನಗೆ ಹೇಳಿ ನಾನು ಗಾಡಿ ನೋಡೋಕೆ ಓಡಿದೆ. ಓಡಿದ್ನೋ ಇಲ್ವೋ? ಸಿಗಲಿಲ್ಲ. ಒಂದು ಗಾಡಿ ಸಿಗಲಿಲ್ಲ. ಎಷ್ಟು ಸಲ ಹೇಳಿದ್ದೀನಿ ಇದನ್ನ.

ಆ ಸ್ವೆಟರ್ ಯಾಕೆ ಒಳಗಿಡ್ತಿದ್ದೀಯ? ಧೂಳು ಒರೆಸೋದು ಅಂದೆಯಲ್ಲ... ನಾನೇ ಅಂದ್ನಾ? ನೀನು ಏನೂ ಅನ್ನಲಿಲ್ವಾ?

ನೋಡು, ವಾದ ಬೇಡ, ವ್ಯವಹಾರ ಮಾತಾಡೋಣ. ಆ ಗಾಡಿ ಸರಿ ಇಲ್ಲ. ಗಡಿ ದಾಟಿ ಇನ್ನೂ ನಾಲ್ಕು ಗಂಟೆ ದಾರಿ. ಹಿಂದಿನ ಸೀಟಿನ ಸ್ಪ್ರಿಂಗು ಎದ್ದು ಸೊಂಟಕ್ಕೆ ಚುಚ್ಚುತ್ತೆ. ಅದರ ಮೇಲೆ ಕೆಂಪು ಹೂವಿನ ಬಟ್ಟೆ ಹೊಲಿಸಿದ್ದಾನೆ, ಥೂ, ಏನು ಬಟ್ಟೆ ಅದು! ಒಣ ಕೈ ಇಟ್ಟರೂ ಬಣ್ಣ ಅಂಟುತ್ತೆ. ಹೆಬ್ಬೆರಳಲ್ಲಿ ಹೀಗೆ ಉಜ್ಜಿದೆ ನೋಡು, ಎರಡು ದಿನ ಸೋಪು ಹಾಕಿದ್ರೂ...

ಏನು?

ಯಾಕೆ ನನ್ನ ಹೆಬ್ಬೆರಳು ನೋಡ್ತಿದ್ದೀಯ?

ಇಲ್ಲ... ಅವನು ಇಲ್ಲಿಗೇ ತರಕಾರಿ ತರ್ತಾನಲ್ಲ, ವಾರಕ್ಕೊಂದು ಸಲ. ಕಿಟಕಿಯಿಂದ ಕಂಡಿರಬೇಕು. ಮೂರನೇ ಮಹಡಿಯಿಂದ ಸೀಟು ಕಾಣಲ್ಲ ಅಂತೀಯಾ? ನೀನು ಏನೂ ಅಂತಿಲ್ಲ, ನಾನೇ ಅಂತಿದ್ದೀನಿ. ಮೂರನೇ ಮಹಡಿಯಿಂದ ಬಣ್ಣ ಕೈಗೆ ಅಂಟಲ್ಲ.

ಆಯ್ತು. ಕೂತ್ಕೋ. ನಿಂತೇ ಇರ್ತೀಯಾ? ನಿಂತ್ಕೋ.

ಗಾಡಿ ಇತ್ತು.

ಅದೇ ಹಳದಿ ವ್ಯಾನು. ಅವನೇ. ಹಿಂದೆ ಎರಡು ಸೀಟು ಖಾಲಿ ಇತ್ತು. ನಾನು ಬಾಗಿಲು ತೆಗೆದು ನೋಡಿದೆ, ಬಟ್ಟೆ ಮುಟ್ಟಿದೆ, ಬಾಡಿಗೆ ಎಷ್ಟಪ್ಪಾ ಅಂದೆ. ಮೂರು ಪಟ್ಟು ಹೇಳಿದ. ಮೂರು ಪಟ್ಟು! ನನ್ನ ಮುಖ ನೋಡಿ, ನನ್ನ ಮುಖಕ್ಕೆ! ನಮ್ಮ ಹತ್ರ ಇಲ್ಲ ಅಂತಲ್ಲ. ಜೇಬಲ್ಲೇ ಇತ್ತು. ಆದ್ರೆ ಕೇಳಿದಷ್ಟು ಕೊಟ್ಟು ನಂಗೆ ಅಭ್ಯಾಸ ಇಲ್ಲ ಕಣೇ. ಇಪ್ಪತ್ತೇಳು ವರ್ಷ ಅಂಗಡಿ ಗಲ್ಲಾಪೆಟ್ಟಿಗೆ ಹಿಂದೆ ನಿಂತು ನೋಡಿದ್ದೀನಿ. ಗಿರಾಕಿ ಬೇಡ ಅಂತ ಬೆನ್ನು ತಿರುಗಿಸಿ ಹೊರಡ್ತಾನೆ. ಮೂರು ಹೆಜ್ಜೆಗೆ ಕರೆದ್ರೆ ನಾವು ಸೋತ ಹಾಗೆ, ಹತ್ತು ಹೆಜ್ಜೆ ದಾಟಿದ್ರೆ ಅವನು ಹೋದ ಹಾಗೆ. ಅದರ ನಡುವೆ ಕರೀಬೇಕು. ಎಲ್ಲರೂ ಕರೀತಾರೆ. ಕರೀದೇ ಇದ್ದವನನ್ನ ನಾನು ನೋಡೇ ಇಲ್ಲ.

ಅದಕ್ಕೇ ‘ಬೇಡಪ್ಪ ನಿನ್ನ ಗಾಡಿ’ ಅಂದು ತಿರುಗಿದೆ. ಹೊರಟೆ. ಒಂದು, ಎರಡು... ಐದರ ಹೊತ್ತಿಗೆ ‘ಸಾಹೇಬ್ರೇ’ ಅಂತಾನೆ ಅಂದ್ಕೊಂಡೆ. ಏಳು. ಎಂಟು. ಎದುರಿಗೆ ಮುಚ್ಚಿದ್ದ ಕನ್ನಡಕದ ಅಂಗಡಿ, ಅದರ ಗಾಜಲ್ಲಿ ಹಿಂದಿನದೆಲ್ಲ ಕಾಣ್ತಿತ್ತು. ಯಾರೋ ಮುದುಕ, ಜೊತೆಗೊಬ್ಬಳು ಹೆಂಗಸು, ಕೈಯಲ್ಲಿ ಕುಕ್ಕರು. ಕುಕ್ಕರು ಹಿಡ್ಕೊಂಡೇ ಹತ್ತಿದ್ಲು. ಬಾಗಿಲು ಎಳೆದ್ರು. ಗಾಡಿ ಹೋಯ್ತು.

ನಾನು ಅಲ್ಲೇ ನಿಂತು ಕನ್ನಡಕದ ಫ್ರೇಮು ನೋಡಿದೆ. ತುಂಬ ಹೊತ್ತು ನೋಡಿದೆ. ಬಂದಾಗ ನೀನು ಸೂಟ್‌ಕೇಸ್ ಮೇಲೆ ಕೂತಿದ್ದೆ, ಚಪ್ಪಲಿ ಹಾಕ್ಕೊಂಡು. ಒಂದು ಗಾಡಿಯೂ ಇಲ್ಲ ಅಂದೆ. ಬೇರೆ ಏನು ಹೇಳಲಿ? ಹತ್ತು ಹೆಜ್ಜೆ ನಡೆದೆ, ಅದಕ್ಕೇ ಮಗು ಸಿಗಲಿಲ್ಲ ಅನ್ನಲಾ?

ಈಗ ಅವನ ಗಾಡೀಲಿ ಅಷ್ಟು ಹೊತ್ತು ಕೂತು ಹೋದ್ರೆ ಅವನು ಸುಮ್ಮನಿರ್ತಾನಾ? ‘ನಿಮ್ಮ ಯಜಮಾನ್ರು ಆವತ್ತು...’ ಅಂತ ಶುರು ಮಾಡ್ತಾನೆ. ಬೇರೆಯವರ ಬಾಯಿಂದ ಕೇಳೋದು ಬೇಡ ಅಂತ ತಡೆದೆ. ಬಸ್ಸೂ ಬರುತ್ತೆ, ನಾನು ಸುಳ್ಳು ಹೇಳಿಲ್ಲ. ಮ್ಯಾನೇಜರ್ ‘ಬರಬಹುದು’ ಅಂದ. ‘ಬರುತ್ತೆ’ ಅಂತ ಮಾಡಿದ್ದು ನಾನು.

ಬೈಯಿ. ಏನಾದ್ರೂ ಎತ್ತಿ ಎಸಿ. ಎದುರು ಕೋಣೆಯವರಿಗೆ ಕೇಳಿಸಲಿ, ಅವರಿಗೂ ಹೊತ್ತು ಹೋಗಲಿ.

...

ಯಾಕೆ ಕೇಳ್ತಿಲ್ಲ ನೀನು?

ಗಾಡಿ ಇತ್ತು ಅಂದೆ. ಯಾರೇ ಆಗಿದ್ರೂ ‘ಏನು? ಇತ್ತಾ?’ ಅಂತಿದ್ರು. ನೀನು ಅನ್ನಲಿಲ್ಲ. ಕೈಯಲ್ಲಿದ್ದ ಟವಲು ಮಡಚೋದು ಕೂಡ ನಿಲ್ಲಿಸಲಿಲ್ಲ.

ಗೊತ್ತಿತ್ತಾ?

ಯಾವಾಗಿಂದ?... ತಡಿ. ತಡಿ, ನಾನೇ ಹೇಳ್ತೀನಿ. ಮೊದಲೆಲ್ಲ ದಿನಾ ಕೇಳ್ತಿದ್ದೆ, ‘ಯಾವಾಗ ತೆಗೀತಾರಂತೆ? ಯಾವಾಗ?’ ಅಂತ ಜೀವ ತಿಂತಿದ್ದೆ. ಒಂಬತ್ತನೇ ದಿನದಿಂದ ಕೇಳೋದು ಬಿಟ್ಟೆ. ಅದೇ ದಿನ ಅಲ್ವಾ ಅವನು ಮೊದಲ ಸಲ ಇಲ್ಲಿಗೆ ತರಕಾರಿ ತಂದಿದ್ದು? ಮೂಟೆ ಇಳಿಸುವಾಗ ನೀನು ಅಂಗಳದಲ್ಲಿ ಬಟ್ಟೆ ಒಣಹಾಕ್ತಿದ್ದೆ. ಮೇಲೆ ಬಂದೆ, ಏನೂ ಮಾತಾಡಲಿಲ್ಲ. ನಾನು ಅಂದ್ಕೊಂಡೆ, ಪರವಾಗಿಲ್ಲ, ಹೊಂದ್ಕೊಂಡ್ಲು ಅಂತ. ಖುಷೀನೇ ಆಯ್ತು ನಂಗೆ, ದೇವರಾಣೆ.

ಮೂವತ್ತೆಂಟು ದಿನ! ಒಂದೇ ಮಂಚ, ಒಂದೇ ತಟ್ಟೆ... ಒಂದು ಮಾತು ಆಡದೆ! ನಾನೇ ಹೇಳ್ತೀನೇನೋ ಅಂತ ಕಾದೆಯಾ?

ಇದೇನು? ಚೀಟಿ? ತಾ ಇಲ್ಲಿ. ಪರವಾನಗಿ... ನಿನ್ನ ಹೆಸರು ಮಾತ್ರ. ಮೊಹರೂ ಬಿದ್ದಿದೆ. ಬೆಳಿಗ್ಗೆ ಟೆರೇಸಿಗೆ ಅಂತ ಹೋಗಿದ್ದು ಇದಕ್ಕಾ? ಬಾಡಿಗೇನೂ ಕೊಟ್ಟಾಯ್ತಾ? ಎಷ್ಟು ಹೇಳಿದ? ಎಷ್ಟು ಕೊಟ್ಟೆ? ಅಂದ್ರೆ... ಅವನು ಹೇಳಿದಷ್ಟೇ ಕೊಟ್ಟೆಯಾ? ಒಂದು ಮಾತೂ ಕೇಳದೆ? ನಿನ್ನ ಕೈ ಬಳೆ ಎಲ್ಲಿ?

ಸರಿ. ಸರಿ ಬಿಡು. ಹೋಗು. ನಂಗೇನು? ನಾನು ಕೈ ಹಿಡಿದು ಎಳೆಯೋನಲ್ಲ. ಬೇಡ ಅಂದವರ ಹಿಂದೆ ಬೀಳೋನಲ್ಲ ನಾನು. ನೋಡು, ನಾನೇ ಹೊರಗೆ ಹೋಗ್ತೀನಿ. ಕಾರಿಡಾರಲ್ಲಿ ನಿಂತಿರ್ತೀನಿ, ನೀನು ಆರಾಮಾಗಿ ಬಟ್ಟೆ ತುಂಬ್ಕೋ.

ಹೊರಟೆ.

ಒಂದು... ಎರಡು...

ಆ ನೀಲಿ ಫ್ರಾಕು ಇಡೋದು ಮರೀಬೇಡ, ಚೋಟಮ್ಮನಿಗೆ ಅಂತ ಮೊದಲ ದಿನ ತಗೊಂಡಿದ್ದು. ಈಗ ಗಿಡ್ಡ ಆಗಿರುತ್ತೆ.

ನಾಲ್ಕು. ಐದು.

ಆರು. ಬಾಗಿಲು ಬಂತು ಕಣೇ. ಹತ್ತಕ್ಕೆ ಇಲ್ಲಿ ಜಾಗವೇ ಇಲ್ಲ.

...

ಕರಿ. ಈಗ ಕರೀಬೇಕು.

ನಾನು ಚಿಲಕದ ಮೇಲೆ ಕೈ ಇಟ್ಟಿದ್ದೀನಿ... ಸೂಟ್‌ಕೇಸ್ ಮುಚ್ಚಿದ ಸದ್ದಾ ಅದು?