ಕೆಲೆರಾಳ ಮನೆಯಲ್ಲಿ ಹೊಗಳಬಾರದು

ತಾವೆಯುನಿ ದ್ವೀಪಕ್ಕೆ ಹೋಗುವ ಹಡಗಿನ ಸಾಲಿನಲ್ಲಿ, ನಿದ್ದೆ ಹೋದ ಮಗಳನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದೆ. ನನ್ನ ಮುಂದೆ ಇಬ್ಬರು ಗೆಳತಿಯರು, ರಜೆಗೆ ಇನ್ನೊಬ್ಬ ಗೆಳತಿಯ ಮನೆಗೆ ಹೊರಟವರು. ದಪ್ಪಗಿದ್ದವಳು ಕನ್ನಡಕದವಳನ್ನು ಗದರುತ್ತಿದ್ದಳು.

“ಉನೈಸಿ, ಈ ಸಲ ಕೆಲೆರಾ ಮನೇಲಿ ಬಾಯಿ ಮುಚ್ಕೊಂಡಿರು.”

“ನಾನೇನ್ ಮಾಡ್ದೆ, ಲಿತಿಯಾ?”

“ಚಾಪೆ ಚೆನ್ನಾಗಿದೆ ಅಂದೆ, ಸುತ್ತಿ ಕೊಟ್ಲು. ಹಂದಿಮರಿ ಮುದ್ದಾಗಿದೆ ಅಂದೆ, ಅದು ವಾಪಸ್ ಬರೋವಾಗ ನನ್ನ ತೊಡೆ ಮೇಲೆ ಕೂತು ಬಂತು. ಹೊಗಳಿದ್ದನ್ನ ಕೊಡದೆ ಬಿಡೋ ಜನವೇನೇ ನಾವು?”

“ಅದಕ್ಕೇ ಕಣೇ ಅವಳ ಮುಖ ನೋಡೋಕೆ ನಾಚಿಕೆ. ಬರೀ ತಗೊಂಡಿದ್ದೇ ಆಯ್ತು. ಒಂದು ದಿನಾನೂ ಏನೂ ಕೊಟ್ಟಿಲ್ಲ. ನಾನು ಮನೆಗೇ ಹೋಗ್ಬಿಡ್ಲಾ?”

“ಮದುವೆಯಾಗಿ ಹನ್ನೆರಡು ವರ್ಷ ಆದ್ಮೇಲೆ ಮಗು ಆಗಿದೆ ಅವಳಿಗೆ. ಇವಳು ಮನೆಗೆ ಹೋಗ್ತಾಳಂತೆ.”

“ಆ ಮಗೂನ ನೋಡಿ ಏನನ್ಲಿ? ಚೆನ್ನಾಗಿದೆ ಅಂದ್ಬಿಟ್ರೆ?”

“ಮೂಗು ಸೊಟ್ಟ ಅನ್ನು.”

ಇಬ್ಬರೂ ನಕ್ಕರು. ಸಾಲು ಸ್ವಲ್ಪ ಮುಂದೆ ಸರಿಯಿತು.

“ಹೆಸರೇನಿಟ್ಟಿದ್ದಾರೆ?”

ಲಿತಿಯಾ ಚೀಲ ಎತ್ತಿಕೊಂಡಳು. “ಹೇಳಬೇಡ ಅಂದಿದ್ಲು. ನೀನು ನೋಡಿದ್ರೆ ಮನೆಗೆ ಹೋಗೋ ಮಾತಾಡ್ತೀಯ. ಉನೈಸಿ ಅಂತ.”

ಕನ್ನಡಕದವಳು ನಿಂತಲ್ಲೇ ನಿಂತಳು.

“ಈ ಸಲ ಅವಳೇ ನಿನ್ನ ಹತ್ರ ತಗೊಂಡಿದ್ದಾಳೆ, ಅದೂ ಕೇಳ್ದೇನೆ. ನಡಿ.”

ಉನೈಸಿ ಕನ್ನಡಕ ತೆಗೆದು ಅಂಗಿಯ ತೋಳಿನಲ್ಲೇ ಒರೆಸಿಕೊಂಡಳು. ಆಮೇಲೆ ಗೆಳತಿಯನ್ನು ದಾಟಿ, ಹಡಗಿನ ಹಲಗೆಯ ಮೇಲೆ ದಡದಡ ಹತ್ತಿದಳು.

“ಬೇಗ ಬಾರೇ. ನನ್ನ ಹೆಸರಿನೋಳು ಕಾಯ್ತಿದ್ದಾಳೆ.”