ವೇಲ್ಸಿನಲ್ಲಿರುವ ನಮ್ಮೂರು

“ಕೌನ್ಸಿಲ್ಲಿನವರು ಊರ ನಡುವಿನ ಕುರಿ ಸಂತೀನ ಹೊರಗ ಸಾಗಸ್ತೀವಿ ಅಂದಿದ್ರು. ಊರವರೆಲ್ಲಾ ಮೀಟಿಂಗ್ ಮಾಡಿ, ವರ್ಷಗಟ್ಟಲೆ ಹಟ ಹಿಡಿದು ಉಳಿಸಿಕೊಂಡ್ವಿ ನೋಡವಾ!”

ಹೀಗೆಂದವರು ವೇಲ್ಸಿನ ಪುಟ್ಟ ಸಂತೆಯೂರೊಂದರಲ್ಲಿ ಬಹುಕಾಲ ವೈದ್ಯರಾಗಿದ್ದ ದೇವೇಂದ್ರಪ್ಪನವರು. ಅಮೆರಿಕದ ಫ್ರೀಮಾಂಟಿನ ಕನ್ನಡ ಸಮಾರಂಭದಲ್ಲಿ ಮಕ್ಕಳ ಭಾಷಣ ಸ್ಪರ್ಧೆ ನಡೆದಿತ್ತು, ವಿಷಯ ‘ನಮ್ಮೂರು’. ವೇದಿಕೆಯ ಪಕ್ಕದ ಸಾಲಿನಲ್ಲಿ ಸರದಿಗಾಗಿ ಕಾಯುತ್ತಿದ್ದ ಮೊಮ್ಮಗಳು ಮಾಧುರಿಗೆ ಅವರು ಧೈರ್ಯ ತುಂಬುತ್ತಿದ್ದರು. ನಾನು ಅವರ ಹಿಂದೆಯೇ ನಿಂತಿದ್ದೆ.

“ಅಜ್ಜಾ, ಎಲ್ಲಾರೂ ಮೈಸೂರು, ಧಾರವಾಡ ಅಂತಾರೆ. ನಾನು ವೇಲ್ಸ್ ಅಂದ್ರೆ ನಗ್ತಾರೆ.”

“ನಗಲಿ ಬಿಡು. ನಿಮ್ಮಪ್ಪ ಹುಟ್ಟಿ ಬೆಳದ ಊರದು.”

“ಬಟ್, ಡಾಕ್ಟರಿಗೆ ಕುರಿ ಸಂತೆ ಯಾಕೆ?”

“ಗುಡ್ಡದ ಮ್ಯಾಲಿನ ಕುರಿಗಾರರು ಬ್ಯಾರೆ ದಿನ ದವಾಖಾನಿಗೆ ಬರ್ತಿದ್ದಿಲ್ಲ. ಸಂತಿ ದಿನ ಕುರಿ ಮಾರಿ, ಕೆಸರು ಬೂಟಿನಾಗ ಸೀದಾ ನನ್ನ ಕಡೆ ಬರ್ತಿದ್ರು. ಎದಿನೋವು ಹ್ಯಾಂಗೈತಿ ಅಂದ್ರ, ಮೊದಲ ಕುರಿ ರೇಟು ಹೇಳ್ತಿದ್ರು!”

“ಸೋ, ಮೀಟಿಂಗಲ್ಲಿ ನೀವೇನಂದ್ರಿ?”

“ಎದ್ದು ನಿಂತು ಅವರ ವೆಲ್ಶ್ ಭಾಷಾದಾಗನ ಅಂದೆ: ‘ಸಂತಿ ಹೋದ್ರ ನನ್ನ ರೋಗಿಗಳೂ ಹೋಗ್ತಾರ. ಇದು ನಮ್ಮೂರು, ಸಂತಿ ಬಿಟ್ಟುಕೊಡೂದಿಲ್ಲ.’”

“ನಿಮ್ಮೂರಾ ಅಂತ ಯಾರೂ ನಗಲಿಲ್ವಾ?”

“ಒಬ್ಬ ನಕ್ಕ. ಅವನ ಹೆಂಡತಿನ ಅವನ ಟೊಪಗಿ ಕೈಯಾಗ ಕೊಟ್ಟು, ಹೊರಗ ನಡಿ ಅಂದಳು. ಉಳಿದವರೆಲ್ಲಾ ನನ್ನ ಕಡೆ ಕೈ ಎತ್ತಿದ್ರು.”

ಮೈಕಿನಲ್ಲಿ ಮಾಧುರಿಯ ಹೆಸರು ಕೇಳಿಸಿತು. ಲಂಗವನ್ನು ಸರಿಪಡಿಸಿಕೊಂಡು ಮೆಟ್ಟಿಲೇರಿದವಳು, ಅಜ್ಜನನ್ನೂ ಕೈಹಿಡಿದು ಎಳೆದಳು.

“ಬೇಗ ಅಜ್ಜಾ, ಮೀಟಿಂಗಲ್ಲಿ ಅಂದಿದ್ದನ್ನ ಇನ್ನೊಂದು ಸಲ ಹೇಳಿ. ಅವರ ಭಾಷೆಯಲ್ಲೇ!”